ತಕ್ಕಡಿಯಲ್ಲಿ ತೂಗುವ ಶಿಕ್ಷೆ: ಮಾದಕವಸ್ತು ಕಾನೂನು ಹಿಡಿಯುವುದು ಯಾರನ್ನು?

ಕಾಸರಗೋಡಿನಲ್ಲಿ ಬೆಳಿಗ್ಗೆ ಪೇಪರ್ ಬಿಡಿಸಿದರೆ ಒಳಪುಟದಲ್ಲಿ ಒಂದು ಸುದ್ದಿ ಇದ್ದೇ ಇರುತ್ತದೆ. 'ಎಂಡಿಎಂಎ ಸಹಿತ ಇಬ್ಬರ ಸೆರೆ.' (ಎಂಡಿಎಂಎ ಅಂದರೆ ರಾಸಾಯನಿಕ ಮಾದಕವಸ್ತು.) 'ಗಾಂಜಾ ಬೀಡಿ ಸೇದುತ್ತಿದ್ದ ಯುವಕನ ವಿರುದ್ಧ ಕೇಸು.' ಉಪ್ಪಳ, ಕುಂಬಳೆ, ಬದಿಯಡ್ಕ, ಮಂಜೇಶ್ವರ, ಹೀಗೆ ಊರಿನ ಹೆಸರು ಮಾತ್ರ ಬದಲಾಗುತ್ತದೆ. ಓದಿದವರು 'ಹಿಡಿದದ್ದು ಒಳ್ಳೇದಾಯ್ತು' ಅಂತ ಪುಟ ತಿರುಗಿಸುತ್ತಾರೆ. ಆಮೇಲೆ ಆ ಹುಡುಗನಿಗೆ ಏನಾಯಿತು, ಸರಕು ಕೊಟ್ಟವನು ಸಿಕ್ಕಿದನಾ ಎಂಬುದು ಪೇಪರಿಗೆ ಬರುವುದು ಕಡಿಮೆ. ಎಷ್ಟು ಗ್ರಾಂ ಎಂಬುದಂತೂ ತಪ್ಪದೆ ಬರುತ್ತದೆ. ವರದಿಗಾರರನ್ನು ಬೈದು ಪ್ರಯೋಜನವಿಲ್ಲ. ಕಾನೂನು ಮೊದಲು ಕೇಳುವುದೂ ಗ್ರಾಂ ಲೆಕ್ಕವನ್ನೇ.

ನಾರ್ಕೋಟಿಕ್ ಡ್ರಗ್ಸ್ ಅಂಡ್ ಸೈಕೋಟ್ರೋಪಿಕ್ ಸಬ್‌ಸ್ಟೆನ್ಸಸ್ ಆಕ್ಟ್, ಎಲ್ಲರೂ ಎನ್‌ಡಿಪಿಎಸ್ ಅಂತ ಕರೆಯುವ ಮಾದಕವಸ್ತು ಕಾಯ್ದೆ ಇದು. 1985ರ ಆಗಸ್ಟ್‌ನಲ್ಲಿ ಲೋಕಸಭೆಗೆ ಮಸೂದೆ ಬಂತು, ಸೆಪ್ಟೆಂಬರ್‌ನಲ್ಲಿ ರಾಷ್ಟ್ರಪತಿಗಳ ಸಹಿ ಬಿತ್ತು, ನವೆಂಬರ್ 14ರಿಂದ ಜಾರಿಯಾಯಿತು. ಇಷ್ಟು ಕಠಿಣ ಕಾನೂನಿಗೆ ಇಷ್ಟು ಅವಸರ. ಹಿನ್ನೆಲೆಯಲ್ಲಿ ಇದ್ದದ್ದು ವಿಶ್ವಸಂಸ್ಥೆಯ 1961ರ ಒಪ್ಪಂದ. ಔಷಧಿಗಲ್ಲದ ಗಾಂಜಾ ಬಳಕೆಯನ್ನು 25 ವರ್ಷಗಳ ಒಳಗೆ ನಿಲ್ಲಿಸಬೇಕು ಅಂತ ಅದರಲ್ಲಿತ್ತು. ಆ ಗಡುವು ಹತ್ತಿರ ಬಂದಿತ್ತು. ಅಲ್ಲಿಯವರೆಗೆ ನಮ್ಮಲ್ಲಿ ಎಷ್ಟೋ ಕಡೆ ಗಾಂಜಾ ಸರ್ಕಾರದ ಲೈಸೆನ್ಸ್ ಇದ್ದ ಅಂಗಡಿಯಲ್ಲೇ ಸಿಗುತ್ತಿತ್ತು. ಬ್ರಿಟಿಷ್ ಸರ್ಕಾರ 1893ರಲ್ಲಿ ಒಂದು ಆಯೋಗ ನೇಮಿಸಿತ್ತು. ಅದು ಊರೂರು ತಿರುಗಿ, ಸಾವಿರಕ್ಕೂ ಜಾಸ್ತಿ ಸಾಕ್ಷಿಗಳನ್ನು ಕೇಳಿ, ಹಿತಮಿತವಾಗಿ ಬಳಸಿದರೆ ದೊಡ್ಡ ಹಾನಿ ಕಾಣುವುದಿಲ್ಲ, ಪೂರ್ತಿ ನಿಷೇಧ ಬೇಡ ಅಂತ ಹೇಳಿತ್ತು. 1985ರ ಅವಸರದಲ್ಲಿ ಆ ವರದಿಗೆ ಜಾಗ ಸಿಗಲಿಲ್ಲ.

ಇನ್ನೊಂದು ತಮಾಷೆ ನೋಡಿ. ಗಾಂಜಾ ಗಿಡದ ಹೂವಿನ ತುದಿಯನ್ನು ಮಾತ್ರ ಕಾಯ್ದೆ 'ಗಾಂಜಾ' ಅಂತ ಕರೆಯುತ್ತದೆ. ತುದಿ ಇಲ್ಲದೆ ಬರೀ ಎಲೆ, ಬೀಜ ಇದ್ದರೆ ಅದು ಗಾಂಜಾ ಅಲ್ಲ. ಹಾಗಾಗಿ ಎಲೆಯಿಂದ ಮಾಡುವ ಭಂಗಿ ಈ ಕಾಯ್ದೆಯ ಹೊರಗೆ ಉಳಿಯಿತು. 2022ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಭಂಗಿ ಎನ್‌ಡಿಪಿಎಸ್ ಅಡಿ ಬರುವುದಿಲ್ಲ ಅಂತ ಹೇಳಿ ಒಬ್ಬನಿಗೆ ಜಾಮೀನು ಕೊಟ್ಟಿತು. ಉತ್ತರ ಭಾರತದ ಕೆಲವು ರಾಜ್ಯಗಳಲ್ಲಿ ಸರ್ಕಾರಿ ಪರವಾನಗಿಯ ಭಂಗಿ ಅಂಗಡಿಗಳೇ ಇವೆ. ಒಂದೇ ಗಿಡದ ಎಲೆಗೆ ಅಂಗಡಿ, ಹೂವಿಗೆ ಜೈಲು.

ಈಗ ತೂಕಕ್ಕೆ ಬರೋಣ. 2001ರ ತಿದ್ದುಪಡಿ ಬರುವವರೆಗೆ ಈ ಕಾಯ್ದೆಯ ಹೆಚ್ಚಿನ ಅಪರಾಧಗಳಿಗೆ ಕನಿಷ್ಠ 10 ವರ್ಷ ಶಿಕ್ಷೆ ಇತ್ತು. ಇದು ಅತಿಯಾಯಿತು ಅಂತ ಸರ್ಕಾರಕ್ಕೇ ಅನಿಸಿ ಮೂರು ಮೆಟ್ಟಿಲು ಮಾಡಿದರು: ಸಣ್ಣ ಪ್ರಮಾಣ, ನಡುವಿನದು, ವಾಣಿಜ್ಯ ಪ್ರಮಾಣ. ಗಾಂಜಾ ಒಂದು ಕಿಲೋದವರೆಗೆ ಸಣ್ಣದು, 20 ಕಿಲೋ ದಾಟಿದರೆ ವಾಣಿಜ್ಯ. ಹೆರಾಯಿನ್ 5 ಗ್ರಾಂ, 250 ಗ್ರಾಂ. ಎಂಡಿಎಂಎ ಅರ್ಧ ಗ್ರಾಂ, 10 ಗ್ರಾಂ. ಸ್ಟ್ಯಾಂಪ್ ಅಂತ ಕರೆಯುವ ಎಲ್‌ಎಸ್‌ಡಿಗೆ ವಾಣಿಜ್ಯ ಪ್ರಮಾಣ 0.1 ಗ್ರಾಂ. ಅಂದರೆ ಒಂದು ಚಿಟಿಕೆ ಉಪ್ಪಿಗಿಂತಲೂ ಕಡಿಮೆ. ವಾಣಿಜ್ಯ ಪ್ರಮಾಣ ಆಯಿತೋ, ಕನಿಷ್ಠ 10 ವರ್ಷ, ಗರಿಷ್ಠ 20. ಜೊತೆಗೆ ಒಂದು ಲಕ್ಷದಿಂದ ಎರಡು ಲಕ್ಷ ದಂಡ. ಹುಡುಗನಿಗೆ 19 ವಯಸ್ಸು, ಇದೇ ಮೊದಲ ಸಲ, ಯಾರೋ ಹೆದರಿಸಿ ಕೊಟ್ಟು ಕಳಿಸಿದ್ದು ಅಂತೆಲ್ಲ ಗೊತ್ತಿದ್ದರೂ ನ್ಯಾಯಾಧೀಶರು 10 ವರ್ಷಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ಬೀದಿಯಲ್ಲಿ ಸಿಗುವ ಪುಡಿ ಶುದ್ಧ ಸರಕೇನಲ್ಲ. ಅದರಲ್ಲಿ ಏನೇನೋ ಬೆರಕೆ. 2008ರಲ್ಲಿ ಸುಪ್ರೀಂ ಕೋರ್ಟ್ ಬೆರಕೆಯನ್ನು ಬಿಟ್ಟು ಒಳಗಿರುವ ಅಸಲಿ ಮಾದಕವಸ್ತುವಿನ ತೂಕ ಮಾತ್ರ ನೋಡಬೇಕು ಅಂತ ಹೇಳಿತ್ತು. ಮರುವರ್ಷವೇ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಅದನ್ನು ತಿರುಗಿಸಿತು. 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಾಧೀಶರ ಪೀಠ ಸರ್ಕಾರದ ಪಕ್ಷವೇ ಸರಿ ಅಂದಿತು. ಈಗ ಇಡೀ ಮಿಶ್ರಣವನ್ನು ತೂಗುತ್ತಾರೆ. ಹನ್ನೊಂದು ಗ್ರಾಂ ಎಂಡಿಎಂಎ ಪೊಟ್ಟಣದಲ್ಲಿ ಒಂಬತ್ತು ಗ್ರಾಂ ಬರೀ ಬೆರಕೆ ಇದ್ದರೂ ಹನ್ನೊಂದೂ ಲೆಕ್ಕಕ್ಕೆ ಬರುತ್ತದೆ. ಶುದ್ಧ ಸರಕಿನ ಒಂಬತ್ತು ಗ್ರಾಂ ಇಟ್ಟುಕೊಂಡ ದೊಡ್ಡ ವ್ಯಾಪಾರಿಗೆ ಕನಿಷ್ಠ ಶಿಕ್ಷೆ ಇಲ್ಲ, ಕಳಪೆ ಪುಡಿ ಹೊತ್ತ ಸಣ್ಣ ಹುಡುಗನಿಗೆ 10 ವರ್ಷ ಖಾಯಂ. ಇದನ್ನು ನ್ಯಾಯ ಅಂತ ಹೇಗೆ ಕರೆಯುವುದು?

ಹೊರುವವರು ಯಾರು ಅಂತ ಸ್ವಲ್ಪ ಯೋಚಿಸಿ. ಕೇರಳಕ್ಕೆ ಬರುವ ಗಾಂಜಾದ ದೊಡ್ಡ ಪಾಲು ಆಂಧ್ರ–ಒಡಿಶಾ ಗಡಿಯ ಬೆಟ್ಟಗಳಿಂದ ರೈಲಿನಲ್ಲಿ, ಲಾರಿಯಲ್ಲಿ ಬರುತ್ತದೆ. ಬೆಳೆಯುವವರಲ್ಲಿ ಆದಿವಾಸಿಗಳು ಬಹಳ. ಹೊರುವವರು ಟ್ರಿಪ್ಪಿಗೆ ಇಷ್ಟು ಅಂತ ಕೂಲಿ ಪಡೆಯುವವರು. ಕಾಸರಗೋಡು ಸ್ಟೇಷನ್ನಿನಲ್ಲಿ ಚೀಲದ ಸಮೇತ ಸಿಕ್ಕಿಬೀಳುವವನೂ ಇದೇ ಮನುಷ್ಯ. ಹಣ ಹಾಕಿದವನು ಚೀಲವನ್ನು ಮುಟ್ಟಿರುವುದೇ ಇಲ್ಲ. ತಕ್ಕಡಿಯಲ್ಲಿ ಅವನ ತೂಕ ಸೊನ್ನೆ.

ಹಾಗಾದರೆ ಹಣ ಹಾಕುವವನನ್ನು ಹಿಡಿಯಲು ಕಾಯ್ದೆಯಲ್ಲಿ ದಾರಿ ಇಲ್ಲವೇ? ಇದೆ. 27ಎ ಎಂಬ ಸೆಕ್ಷನ್ ಇರುವುದೇ ಅದಕ್ಕೆ. ಅದರ ಕಥೆ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. 2014ರಲ್ಲಿ ಕಾಯ್ದೆ ತಿದ್ದುವಾಗ ವ್ಯಾಖ್ಯೆಗಳ ಸಾಲಿನಲ್ಲಿ ಒಂದು ಹೊಸ ಅಂಶ ಸೇರಿಸಿದರು. ಅದರಿಂದ ಮೊದಲಿದ್ದ ಅಂಶದ ನಂಬರ್ ಒಂದು ಸ್ಥಾನ ಕೆಳಗೆ ಹೋಯಿತು. 'ಅಕ್ರಮ ವ್ಯಾಪಾರ' ಅಂದರೆ ಏನು ಎಂಬ ಆ ಅಂಶವನ್ನು ನಂಬರ್ ಹೇಳಿ ತೋರಿಸುತ್ತಿದ್ದ 27ಎಯಲ್ಲಿ ಮಾತ್ರ ಹಳೆ ನಂಬರೇ ಉಳಿಯಿತು. ಅಂದರೆ 'ಇಂಥ ಅಕ್ರಮ ವ್ಯಾಪಾರಕ್ಕೆ ಹಣ ಹಾಕಿದವನಿಗೆ ಶಿಕ್ಷೆ' ಅನ್ನುವ ಕಡೆ ತೋರಿಸುತ್ತಿದ್ದ ಬೆರಳು ಬೇರೆ ಎಲ್ಲಿಗೋ ತೋರಿಸತೊಡಗಿತು. ಏಳು ವರ್ಷ ಅದು ಹಾಗೇ ಇತ್ತು. ತ್ರಿಪುರಾ ಹೈಕೋರ್ಟಿನಲ್ಲಿ ಒಂದು ಪ್ರಕರಣ ಬಂದ ಮೇಲೆ 2021ರಲ್ಲಿ ಸುಗ್ರೀವಾಜ್ಞೆ ತಂದು, 2014ರಿಂದಲೇ ಸರಿ ಇತ್ತು ಎಂಬಂತೆ ತಿದ್ದಿದರು. ದೊಡ್ಡ ಕುಳಗಳಿಗಾಗಿ ಇಟ್ಟ ಸೆಕ್ಷನ್ನಿನ ನಂಬರ್ ತಪ್ಪಿದ್ದು ಏಳು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಅದೇ ಏಳು ವರ್ಷ ಬೀಡಿ ಸೇದಿದವರ ಕೇಸುಗಳಿಗೆ ಬಿಡುವಿರಲಿಲ್ಲ.

ಜಾಮೀನಿನ ವಿಷಯ ಇನ್ನೂ ಬಿಗಿ. ಮಾಮೂಲಿ ಅಪರಾಧದಲ್ಲಿ ಆರೋಪ ಸಾಬೀತು ಮಾಡಬೇಕಾದ್ದು ಸರ್ಕಾರ. ಇಲ್ಲಿ 35 ಮತ್ತು 54ನೇ ಸೆಕ್ಷನ್‌ಗಳು ಅದನ್ನು ತಿರುಗಿಸಿವೆ. ವಸ್ತು ನಿನ್ನ ಹತ್ತಿರ ಸಿಕ್ಕಿದೆ, ನಿನಗೆ ಗೊತ್ತಿದ್ದೇ ಇಟ್ಟುಕೊಂಡಿದ್ದೀ ಅಂತ ಕೋರ್ಟು ಮೊದಲೇ ಭಾವಿಸುತ್ತದೆ. ಅಲ್ಲ ಅಂತ ನೀನು ತೋರಿಸಬೇಕು. 37ನೇ ಸೆಕ್ಷನ್ ಪ್ರಕಾರ ವಾಣಿಜ್ಯ ಪ್ರಮಾಣದ ಕೇಸಿನಲ್ಲಿ ಜಾಮೀನು ಬೇಕಾದರೆ 'ಇವನು ತಪ್ಪಿತಸ್ಥನಲ್ಲ ಅನ್ನಲು ಸಕಾರಣ ಇದೆ' ಅಂತ ನ್ಯಾಯಾಧೀಶರಿಗೆ ವಿಚಾರಣೆಗೂ ಮೊದಲೇ ಅನಿಸಬೇಕು. ಹೊರಗೆ ಹೋದರೆ ಮತ್ತೆ ಅಪರಾಧ ಮಾಡುವುದಿಲ್ಲ ಅಂತಲೂ ಅನಿಸಬೇಕು. ತನಿಖೆ ಮುಗಿಸಲು ಪೊಲೀಸರಿಗೆ ಉಳಿದ ಕೇಸುಗಳಲ್ಲಿ 60 ಅಥವಾ 90 ದಿನ. ಇಲ್ಲಿ 180 ದಿನ. ಸರ್ಕಾರಿ ವಕೀಲರು ಕಾರಣ ಕೊಟ್ಟು ಕೇಳಿದರೆ ಒಂದು ವರ್ಷದವರೆಗೂ ಎಳೆಯಬಹುದು. ಇದರ ಮೇಲೆ 1988ರ ಇನ್ನೊಂದು ಕಾಯ್ದೆಯ ಅಡಿ ವಿಚಾರಣೆಯೇ ಇಲ್ಲದೆ ಒಳಗೆ ಇಡುವ ಅವಕಾಶವೂ ಇದೆ.

ಹಾಗೆ ಒಳಗಿದ್ದವರೆಲ್ಲ ತಪ್ಪಿತಸ್ಥರೇ ಇರುತ್ತಾರೆ ಅಂತ ಅಂದುಕೊಳ್ಳಬೇಡಿ. 2023ರ ಫೆಬ್ರವರಿಯಲ್ಲಿ ತ್ರಿಶೂರು ಜಿಲ್ಲೆಯ ಚಾಲಕುಡಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಮಹಿಳೆಯೊಬ್ಬರ ಬಳಿ ಎಲ್‌ಎಸ್‌ಡಿ ಸ್ಟ್ಯಾಂಪ್ ಸಿಕ್ಕಿತು ಅಂತ ಎಕ್ಸೈಸ್‌ನವರು ಕೇಸು ಹಾಕಿದರು. ಟಿವಿಯಲ್ಲಿ ಬಂತು, ಪೇಪರಿನಲ್ಲಿ ಬಂತು. ಅವರು 72 ದಿನ ಜೈಲಿನಲ್ಲಿದ್ದರು. ಕೊನೆಗೆ ಲ್ಯಾಬ್ ವರದಿ ಬಂದಾಗ ಅದು ಮಾದಕವಸ್ತುವೇ ಆಗಿರಲಿಲ್ಲ. ಯಾರೋ ಬೇಕಂತಲೇ ಸಿಕ್ಕಿಸಿದ್ದು ಅಂತ ಆಮೇಲೆ ತನಿಖೆಯಲ್ಲಿ ಗೊತ್ತಾಯಿತು. ಹೈಕೋರ್ಟ್ ಕೇಸು ರದ್ದು ಮಾಡಿತು. ಬರೀ ಕಾಗದದ ಚೂರಿಗೆ 72 ದಿನ. ಸಾಮಾನ್ಯ ಕಾನೂನಿನಲ್ಲಿ ಹೀಗಾಗುವುದು ಕಷ್ಟ. ಇಲ್ಲಿ ಮೊದಲು ಜೈಲು, ಆಮೇಲೆ ಲ್ಯಾಬ್.

ಕಾಸರಗೋಡಿನ ಕನ್ನಡಿಗನಿಗೆ ಇದರ ಮೇಲೆ ಇನ್ನೊಂದು ಗಂಟು. ಮಂಗಳೂರಿನಿಂದ ಸಂಜೆ ಬಸ್ಸಿನಲ್ಲಿ ಬರುವ ಒಬ್ಬ ಹುಡುಗ ಅಂತ ಇಟ್ಟುಕೊಳ್ಳಿ. ತಲಪಾಡಿ ದಾಟಿ ಮಂಜೇಶ್ವರದ ವಾಮಂಜೂರು ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಲ್ಲುತ್ತದೆ. ಎಕ್ಸೈಸ್‌ನವರು ಹತ್ತಿ ಚೀಲ ನೋಡುತ್ತಾರೆ, ಆಮೇಲೆ ಇವನನ್ನು ಕೆಳಗೆ ಇಳಿಸುತ್ತಾರೆ. ಮೈ ತಪಾಸಣೆ ಮಾಡುವ ಮೊದಲು ಅವನಿಗೆ ಒಂದು ಹಕ್ಕು ಇದೆ ಅಂತ 50ನೇ ಸೆಕ್ಷನ್ ಹೇಳುತ್ತದೆ. ಗಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರೇ ಹುಡುಕಿ ಅಂತ ಅವನು ಕೇಳಬಹುದು. ಇದನ್ನು ಅವನಿಗೆ ಹೇಳಲೇಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಖಡಾಖಂಡಿತವಾಗಿ ಹೇಳಿದೆ. (ಕೈಯಲ್ಲಿರುವ ಚೀಲಕ್ಕೆ ಈ ಹಕ್ಕು ಅನ್ವಯಿಸುವುದಿಲ್ಲ, ಮೈಗೆ ಮಾತ್ರ.) ಹೇಳಿದ್ದಕ್ಕೆ ದಾಖಲೆಯಾಗಿ ಒಂದು ಕಾಗದಕ್ಕೆ ಸಹಿ ಹಾಕಿಸುತ್ತಾರೆ. ಮಹಜರಿಗೆ ಇನ್ನೊಂದು ಸಹಿ, ಬಂಧನದ ಕಾಗದಕ್ಕೆ ಮತ್ತೊಂದು. ಎಲ್ಲವೂ ಮಲಯಾಳದಲ್ಲಿ. ನಮ್ಮ ಹುಡುಗರಿಗೆ ಮಲಯಾಳ ಮಾತಾಡಲು ಬರುತ್ತದೆ, ಸಿನಿಮಾ ನೋಡಿ ನಗಲು ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಕಾನೂನಿನ ಮಲಯಾಳದ ಕೈಬರಹ ರಾತ್ರಿ ಎಂಟು ಗಂಟೆಗೆ ಟ್ಯೂಬ್‌ಲೈಟಿನ ಕೆಳಗೆ ಓದಲು ಬರುತ್ತದಾ? 'ಎಂತ ಬರ್ದಿದ್ದಾರೆ ಇದ್ರಲ್ಲಿ?' ಅಂತ ಮರುದಿನ ಅಮ್ಮ ಕೇಳಿದರೆ ಅವನ ಹತ್ತಿರ ಉತ್ತರ ಇರುವುದಿಲ್ಲ. ವಿಚಾರಣೆಯಲ್ಲಿ ಮಾತ್ರ ಆ ಸಹಿ 'ಇವನಿಗೆ ಎಲ್ಲ ತಿಳಿಸಲಾಗಿತ್ತು' ಅಂತ ಸಾಕ್ಷಿ ಹೇಳುತ್ತದೆ.

ಬಂಧಿಸಿದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಹೇಳಿದೆ. ಭಾಷಾ ಅಲ್ಪಸಂಖ್ಯಾತರ ಪ್ರದೇಶ ಅಂತ ಬೋರ್ಡು, ಅರ್ಜಿ, ಪಿಎಸ್‌ಸಿ ಪರೀಕ್ಷೆಗೆಲ್ಲ ನಾವು ಹೋರಾಡುತ್ತೇವೆ. ಪೊಲೀಸ್ ಸ್ಟೇಷನ್ನಿನ ಈ ಕಾಗದದ ಬಗ್ಗೆ ಯಾವ ಸಂಘದವರೂ ಮಾತೆತ್ತಿದ್ದು ನಾನು ಕೇಳಿಲ್ಲ. ಆರೋಪಿಯ ಪರ ಮಾತಾಡಿದಂತೆ ಆಗುತ್ತದೆ ಎಂಬ ಹೆದರಿಕೆ ಇರಬೇಕು.

ಇನ್ನು ಬರೀ ಸೇದಿದವರ ಕಥೆ. 27ನೇ ಸೆಕ್ಷನ್ ಪ್ರಕಾರ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆಚ್ಚಿನವರು ಸ್ಟೇಷನ್ನಿನಲ್ಲೇ ಜಾಮೀನು ಪಡೆದು ಬರುತ್ತಾರೆ. ಕೋರ್ಟಿಗೆ ಹೋದಾಗ 'ಸುಮ್ನೆ ಒಪ್ಪಿಕೊಂಡು ದಂಡ ಕಟ್ಟಿ ಬಿಡು, ಯಾಕೆ ಎಳೆಯುವುದು' ಅಂತ ಯಾರಾದರೂ ಸಲಹೆ ಕೊಡುತ್ತಾರೆ. ಕಟ್ಟಿ ಬರುತ್ತಾನೆ. ಮುಗಿಯಿತು ಅಂದುಕೊಳ್ಳುತ್ತಾನೆ. ಅದು ಶಿಕ್ಷೆ ಆದಂತೆಯೇ ದಾಖಲಾಗುತ್ತದೆ ಎಂಬುದು ಎರಡು ವರ್ಷ ಬಿಟ್ಟು ದುಬೈಗೋ ಕತಾರಿಗೋ ವೀಸಾ ಸಿಕ್ಕಿ ಪೊಲೀಸ್ ಕ್ಲಿಯರೆನ್ಸ್ ಕೇಳಿದಾಗ ಗೊತ್ತಾಗುತ್ತದೆ. ಒಪ್ಪಿಕೊಳ್ಳದೆ ಕೇಸು ನಡೆಸಿದರೂ ಕಷ್ಟವೇ. ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಆ ಕೋರ್ಟಿನ ಅನುಮತಿ ತರಬೇಕು. ಗಲ್ಫ್ ನಂಬಿ ಬದುಕುವ ಈ ಜಿಲ್ಲೆಯಲ್ಲಿ ಇಪ್ಪತ್ತು ವರ್ಷದವನ ಒಂದು ಬೀಡಿಯ ನಿಜವಾದ ಶಿಕ್ಷೆ ಇದು. ಯಾವ ಸೆಕ್ಷನ್ನಿನಲ್ಲೂ ಬರೆದಿಲ್ಲ.

ಅಂಕಿಗಳನ್ನೂ ಸ್ವಲ್ಪ ಜಾಗ್ರತೆಯಿಂದ ಓದಬೇಕು. ಕೇರಳದಲ್ಲಿ 2021ರಲ್ಲಿ ಎನ್‌ಡಿಪಿಎಸ್ ಕೇಸು 5,695. 2022ರಲ್ಲಿ 26,619. ದೇಶದಲ್ಲೇ ಅತಿ ಹೆಚ್ಚು. ಇದನ್ನು ನೋಡಿ 'ಕೇರಳ ಪೂರ್ತಿ ನಶೆಯಲ್ಲಿ ಮುಳುಗಿತು' ಅಂತ ಟಿವಿಯವರು ಬೊಬ್ಬೆ ಹೊಡೆದರು. ಒಂದು ವರ್ಷದಲ್ಲಿ ಸೇದುವವರು ಐದು ಪಟ್ಟು ಆಗುತ್ತಾರಾ? ಕೇಸಿನ ಸಂಖ್ಯೆ ಹೇಳುವುದು ಪೊಲೀಸರು ಎಷ್ಟು ಹುಡುಕಿದರು ಎಂಬುದನ್ನು. ಅಭಿಯಾನ ಶುರುವಾದರೆ ಕೇಸು ಏರುತ್ತದೆ. ಕೇಸು ಏರಿತು ಅಂತ ಇನ್ನೊಂದು ಅಭಿಯಾನ ಶುರುವಾಗುತ್ತದೆ. 2025ರ ಫೆಬ್ರವರಿಯಲ್ಲಿ 'ಆಪರೇಷನ್ ಡಿ-ಹಂಟ್' ಬಂದಾಗಲೂ ದಿನದಿನದ ಲೆಕ್ಕ ಬರುತ್ತಿತ್ತು: ಇಷ್ಟು ಜನರ ತಪಾಸಣೆ, ಇಷ್ಟು ಕೇಸು, ಇಷ್ಟು ಗಾಂಜಾ ಬೀಡಿ. ಬೀಡಿಗಳನ್ನೂ ಎಣಿಸುತ್ತಿದ್ದರು. ಎಣಿಸಲು ಸುಲಭವಾದದ್ದನ್ನೇ ಹಿಡಿಯುವುದೂ ಸುಲಭ.

ಅದೇ ವರ್ಷ ಮಾರ್ಚ್‌ನಲ್ಲಿ ತಾಮರಶ್ಶೇರಿಯಲ್ಲಿ ಒಬ್ಬ ಯುವಕ ಪೊಲೀಸರನ್ನು ಕಂಡ ಕೂಡಲೇ ಕೈಯಲ್ಲಿದ್ದ ಪೊಟ್ಟಣವನ್ನು ನುಂಗಿಬಿಟ್ಟ. ಕಲ್ಲಿಕೋಟೆ ಮೆಡಿಕಲ್ ಕಾಲೇಜಿಗೆ ಸೇರಿಸಿದರು. ಮಾರನೇ ದಿನ ಸತ್ತ. ಎಂಡಿಎಂಎ ಜೀವ ತೆಗೆಯುತ್ತದೆ ಅಂತ ಎಲ್ಲರೂ ಬರೆದರು. ನಿಜವೇ. ಆದರೆ ಅವನು ಅದನ್ನು ಪೊಟ್ಟಣದ ಸಮೇತ ನುಂಗಿದ್ದು ಯಾಕೆ? ಇದೇ ಹೆದರಿಕೆಯಿಂದ ಗೆಳೆಯನಿಗೆ ಜಾಸ್ತಿಯಾಗಿ ಬಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹುಡುಗರು ಹಿಂದೆ ಮುಂದೆ ನೋಡುತ್ತಾರೆ.

ಬಿಗಿ ಮಾಡಿದಷ್ಟೂ ಸರಕು ಸಣ್ಣದಾಗುತ್ತದೆ, ಜೋರಾಗುತ್ತದೆ. ಇದು ಕೇರಳಕ್ಕೆ ಹೊಸತಲ್ಲ. 1996ರ ಏಪ್ರಿಲ್‌ನಲ್ಲಿ ಆಂಟನಿ ಸರ್ಕಾರ ಚಾರಾಯ (ಸಾರಾಯಿ) ನಿಷೇಧಿಸಿತು. ಕುಡಿಯುವವರು ಕುಡಿಯುವುದು ಬಿಡಲಿಲ್ಲ. ಕದ್ದು ತಂದ ಸ್ಪಿರಿಟ್ಟಿನ ದಂಧೆ ಬೆಳೆಯಿತು. 2000ದ ಅಕ್ಟೋಬರ್‌ನಲ್ಲಿ ಕೊಲ್ಲಂ ಜಿಲ್ಲೆಯ ಕಲ್ಲುವಾತುಕ್ಕಲ್‌ನಲ್ಲಿ ಮಿಥೈಲ್ ಆಲ್ಕೋಹಾಲ್ ಬೆರೆತ ಮದ್ಯ ಕುಡಿದು 31 ಜನ ಸತ್ತರು, ಕೆಲವರ ಕಣ್ಣು ಹೋಯಿತು. ಈಗಲೂ ಅದೇ ಲೆಕ್ಕ. ಇಪ್ಪತ್ತು ಕಿಲೋ ಗಾಂಜಾಕ್ಕೆ ಗೋಣಿ ಬೇಕು, ವಾಸನೆ ಅಡಗಿಸಬೇಕು. ಹತ್ತು ಗ್ರಾಂ ಪುಡಿ ಶರ್ಟಿನ ಕಿಸೆಯಲ್ಲಿ ಬರುತ್ತದೆ. ಚೆಕ್‌ಪೋಸ್ಟ್ ಜಾಸ್ತಿಯಾದರೆ ವ್ಯಾಪಾರಿ ಯಾವುದನ್ನು ಕಳಿಸುತ್ತಾನೆ, ನೀವೇ ಹೇಳಿ. ಒಂದು ತಲೆಮಾರಿನ ಕೈಗೆ ಗಾಂಜಾದ ಬದಲು ಎಂಡಿಎಂಎ ಬಂದದ್ದರಲ್ಲಿ ನಮ್ಮ ಕಠಿಣ ಕಾನೂನಿನ ಪಾಲೂ ಇದೆ ಅಂತ ನನ್ನ ಅಭಿಪ್ರಾಯ.

ಚಟಕ್ಕೆ ಬಿದ್ದವರನ್ನು ಜೈಲಿಗೆ ಕಳಿಸದೆ ಚಿಕಿತ್ಸೆಗೆ ಕಳಿಸುವ ದಾರಿ ಇದೇ ಕಾಯ್ದೆಯಲ್ಲಿ ಇದೆ ಎಂಬುದು ವಕೀಲರಲ್ಲದವರಿಗೆ ಗೊತ್ತಿರುವುದು ಕಮ್ಮಿ. 39ನೇ ಸೆಕ್ಷನ್ ಪ್ರಕಾರ ಕೋರ್ಟು ಶಿಕ್ಷೆಯ ಬದಲು ಚಿಕಿತ್ಸೆಗೆ ಬಿಡಬಹುದು. 64ಎ ಪ್ರಕಾರ ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆಯೇ ನಡೆಯುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಮಾತ್ರ ಆ ರಕ್ಷಣೆ ಹೋಗಬಹುದು. ಎಷ್ಟು ಚೆನ್ನಾಗಿದೆ ಅಲ್ವಾ? ಕಾಗದದಲ್ಲಿ ಚೆನ್ನಾಗಿದೆ. ಪಂಜಾಬಿನ ವಿಶೇಷ ಕೋರ್ಟುಗಳಲ್ಲಿ 2013ರಿಂದ 2015ರವರೆಗಿನ ಸಾವಿರಾರು ಪ್ರಕರಣಗಳನ್ನು ವಿಧಿ ಸೆಂಟರ್ ಫಾರ್ ಲೀಗಲ್ ಪಾಲಿಸಿ ಎಂಬ ಸಂಸ್ಥೆ ತೆರೆದು ನೋಡಿತು. ಕೋರ್ಟಿನ ಮೂಲಕ ಚಿಕಿತ್ಸೆಗೆ ಹೋದವರು ಒಬ್ಬರೂ ಸಿಗಲಿಲ್ಲ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಕ್ರಮ ಮಾದಕವಸ್ತುಗಳ ಚಟ ಇರುವ ಇಪ್ಪತ್ತು ಜನರಲ್ಲಿ ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು ಒಬ್ಬರು. ಅದೇ ಸಮೀಕ್ಷೆಯಲ್ಲಿ ಮದ್ಯ ಕುಡಿಯುವವರು 16 ಕೋಟಿ, ಗಾಂಜಾ–ಭಂಗಿ ಬಳಸುವವರು 3.1 ಕೋಟಿ. ಯಾವುದಕ್ಕೆ ಸರ್ಕಾರಿ ಅಂಗಡಿ, ಯಾವುದಕ್ಕೆ ಜೈಲು ಅಂತ ಬೇರೆ ಹೇಳಬೇಕಾಗಿಲ್ಲ.

ಇದುವರೆಗೆ ಹೇಳಿದ್ದೆಲ್ಲ ಕಾನೂನು ಹಿಡಿದವರ ಕಥೆ. ಏನೂ ತಪ್ಪು ಮಾಡದೆ ಇದರಿಂದ ನರಳಿದವರು ಇನ್ನೊಂದು ಕಡೆ ಇದ್ದಾರೆ. ಅವರು ಕ್ಯಾನ್ಸರ್ ರೋಗಿಗಳು.

ಅಫೀಮು ಬೆಳೆಯಲು ಕಾನೂನಿನ ಅನುಮತಿ ಇರುವ ಕೆಲವೇ ದೇಶಗಳಲ್ಲಿ ಭಾರತ ಒಂದು. ನಮ್ಮ ಅಫೀಮಿನಿಂದ ಮಾಡಿದ ಔಷಧಿ ಬೇರೆ ದೇಶದವರ ನೋವು ಕಳೆಯುತ್ತಿತ್ತು. ಇಲ್ಲಿ 1985ರಲ್ಲಿ ಸುಮಾರು 600 ಕಿಲೋ ಇದ್ದ ಮಾರ್ಫಿನ್ (ಅಫೀಮಿನಿಂದ ಮಾಡುವ ನೋವಿನ ಔಷಧಿ) ಬಳಕೆ 1997ರ ಹೊತ್ತಿಗೆ 18 ಕಿಲೋಗೆ ಇಳಿಯಿತು. ಕಾಯ್ದೆ ಮಾರ್ಫಿನ್ ಔಷಧಿಯನ್ನು ನಿಷೇಧಿಸಿರಲಿಲ್ಲ. ಲೈಸೆನ್ಸ್ ಮೇಲೆ ಲೈಸೆನ್ಸ್ ಕೇಳಿತು. ಒಂದು ಆಸ್ಪತ್ರೆ ಸ್ವಲ್ಪ ಮಾತ್ರೆ ತರಿಸಲು ಬೇರೆ ಬೇರೆ ಇಲಾಖೆಗಳ ನಾಲ್ಕೈದು ಅನುಮತಿ ಪಡೆಯಬೇಕಿತ್ತು. ಎಲ್ಲವೂ ಒಂದೇ ಸಮಯದಲ್ಲಿ ಚಾಲ್ತಿಯಲ್ಲಿರಬೇಕಿತ್ತು. ಕೊನೆಯದು ಕೈಗೆ ಬರುವ ಹೊತ್ತಿಗೆ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಲೆಕ್ಕದಲ್ಲಿ ತಪ್ಪಿದರೆ ಇದೇ ಕಾಯ್ದೆಯ ಜೈಲು. ಯಾವ ಔಷಧಿ ಅಂಗಡಿಯವನು ಇಟ್ಟುಕೊಳ್ಳುತ್ತಾನೆ? ಬಿಟ್ಟುಬಿಟ್ಟರು. ಮಾರ್ಫಿನ್ ಬರೆಯುವುದನ್ನೇ ಕಲಿಯದ ವೈದ್ಯರ ಒಂದು ತಲೆಮಾರು ಬೆಳೆಯಿತು. ಕೊನೆಯ ದಿನಗಳಲ್ಲಿ ರಾತ್ರಿಯಿಡೀ ಕೂಗಿಕೊಂಡೇ ಸತ್ತವರ ಲೆಕ್ಕ ಯಾವ ಅಪರಾಧ ವರದಿಯಲ್ಲೂ ಬರುವುದಿಲ್ಲ.

ಈ ವಿಷಯದಲ್ಲಿ ಕೇರಳವನ್ನು ಹೊಗಳಲೇಬೇಕು. 1993ರಲ್ಲಿ ಕಲ್ಲಿಕೋಟೆ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಜೊತೆಗಾರರು ನೋವು ಪರಿಹಾರದ ಕೆಲಸ ಶುರು ಮಾಡಿದರು. ನಿಯಮ ಸಡಿಲ ಮಾಡಿ ಅಂತ ವರ್ಷಗಟ್ಟಲೆ ಸರ್ಕಾರದ ಬೆನ್ನು ಹತ್ತಿದರು. ನಿಯಮ ಸರಳ ಮಾಡಿದ ಮೊದಲ ರಾಜ್ಯಗಳಲ್ಲಿ ಕೇರಳ ಒಂದಾಯಿತು, 2008ರಲ್ಲಿ ಪಾಲಿಯೇಟಿವ್ (ಗುಣವಾಗದ ರೋಗಿಗಳ ನೋವು ಕಡಿಮೆ ಮಾಡುವ ಆರೈಕೆಯ) ನೀತಿಯನ್ನೇ ತಂದಿತು. 2014ರ ತಿದ್ದುಪಡಿ ದೇಶಕ್ಕೆಲ್ಲ ಒಂದೇ ಅನುಮತಿ ಸಾಕು ಎಂಬಂತೆ ಮಾಡಿತು. ಇವತ್ತು ನಮ್ಮ ಪಂಚಾಯತುಗಳಲ್ಲಿ ಪಾಲಿಯೇಟಿವ್ ಸಿಸ್ಟರ್ ಜೀಪಿನಲ್ಲಿ ಮನೆಗೆ ಬರುತ್ತಾರೆ. ಅಡಿಕೆ ಹರಡಿದ ಅಂಗಳದ ಅಂಚಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಬೆನ್ನಿನ ಹುಣ್ಣು ತೊಳೆದು, ಟ್ಯೂಬ್ ಬದಲಿಸಿ, ಬಿ.ಪಿ. ನೋಡುತ್ತಾರೆ. ಮಾರ್ಫಿನ್ ತೆಗೆದುಕೊಳ್ಳುವವರಿದ್ದರೆ ಸ್ಟ್ರಿಪ್ಪಿನಲ್ಲಿ ಎಷ್ಟು ಮಾತ್ರೆ ಉಳಿದಿದೆ ಅಂತ ಎಣಿಸಿ ಪುಸ್ತಕದಲ್ಲಿ ಬರೆಯುತ್ತಾರೆ. ಹತ್ತು ಮಿಲಿಗ್ರಾಂನ ಸಣ್ಣ ಮಾತ್ರೆ. ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಎಣ್ಮಕಜೆ, ಬೆಳ್ಳೂರು ಕಡೆಯ ಮನೆಗಳಿಗೆ ಈ ಜೀಪು ಎಷ್ಟು ಮುಖ್ಯ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ವಿಷ ಸಿಂಪಡಿಸಿದ್ದಕ್ಕೆ ಪರಿಹಾರ ಕೊಡಿ ಅಂತ ಹೇಳಲು 2017ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ಯಾವ ವಿಷಕ್ಕೆ ರಾಜ್ಯ ಎಷ್ಟು ಕಠಿಣ ಎಂಬ ಪ್ರಶ್ನೆ ಈ ಜಿಲ್ಲೆಯಲ್ಲಿ ಕೂತು ಬರೆಯುವವನಿಗೆ ಬಾರದೆ ಇರುತ್ತದಾ?

'ಹಾಗಾದರೆ ಎಲ್ಲ ಬಿಟ್ಟುಬಿಡಬೇಕಾ?' ಅಂತ ಕೇಳುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಎಂಡಿಎಂಎಗೆ ಬಿದ್ದ ಮಗ ಮನೆಯ ಚಿನ್ನ ಮಾರಿದ್ದು, ಅಮ್ಮನ ಮೇಲೆ ಕೈ ಎತ್ತಿದ್ದು ಕಂಡವರಿಗೆ ಕಾನೂನಿನ ಸೂಕ್ಷ್ಮ ಬೇಡ, ಮನೆಗೆ ಶಾಂತಿ ಬೇಕು. ಮಾರುವವನಿಗೆ ಶಿಕ್ಷೆ ಬೇಡ ಅಂತ ಯಾರೂ ಹೇಳುತ್ತಿಲ್ಲ. ಪೋರ್ಚುಗಲ್ 2001ರಲ್ಲಿ ಮಾಡಿದ್ದು ಇಷ್ಟೇ: ಮಾರುವುದು ಅಪರಾಧವಾಗಿಯೇ ಉಳಿಯಿತು. ಹತ್ತು ದಿನಕ್ಕೆ ಬೇಕಾಗುವಷ್ಟು ಒಳಗೆ ಸ್ವಂತಕ್ಕೆ ಇಟ್ಟುಕೊಂಡವನನ್ನು ಕೋರ್ಟಿನ ಬದಲು ಒಂದು ಸಮಿತಿಯ ಎದುರು ಕೂರಿಸಿದರು. ಅಲ್ಲಿ ಚಿಕಿತ್ಸೆಯ ಮಾತು. ಸೂಜಿಯಿಂದ ಹರಡುವ ಎಚ್‌ಐವಿ ಅಲ್ಲಿ ಗಣನೀಯವಾಗಿ ಇಳಿಯಿತು. ಅಮೆರಿಕದ ಒರೆಗಾನ್ ರಾಜ್ಯವೂ 2020ರಲ್ಲಿ ಜನಮತದ ಮೂಲಕ ಶಿಕ್ಷೆ ತೆಗೆಯಿತು. ಆದರೆ ಚಿಕಿತ್ಸೆಯ ಏರ್ಪಾಡು ತಡವಾಯಿತು. ಬೀದಿಯಲ್ಲಿ ಬಳಕೆ ಕಂಡು ಜನ ರೋಸಿಹೋದರು, 2024ರಲ್ಲಿ ಮತ್ತೆ ಅಪರಾಧ ಅಂತ ಮಾಡಿದರು. ಬರೀ ಶಿಕ್ಷೆ ತೆಗೆದರೆ ಸಾಲದು, ಆಸ್ಪತ್ರೆಯ ಬಾಗಿಲೂ ತೆರೆದಿರಬೇಕು. ನಮ್ಮಲ್ಲಿ ಕೇರಳ ಎಕ್ಸೈಸ್‌ನ 'ವಿಮುಕ್ತಿ' ಯೋಜನೆಯ ಚಿಕಿತ್ಸಾ ಕೇಂದ್ರ ಈ ಜಿಲ್ಲೆಗೆ ಇರುವುದು ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ. ಮಂಜೇಶ್ವರದ ಕಡೆಯ ಒಬ್ಬ ಕೂಲಿಯವನಿಗೆ ಅದು ಜಿಲ್ಲೆಯ ಇನ್ನೊಂದು ತುದಿ. ಹೋಗಿ ಬರುವುದರಲ್ಲೇ ದಿನದ ಕೆಲಸ ಹೋಯಿತು.

ಭಾರತ ಹೊರಗೆ ಒಂದು, ಒಳಗೆ ಒಂದು ಹೇಳುತ್ತದೆ ಎಂಬುದೂ ಗೊತ್ತಿರಲಿ. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತಿ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ತೆಗೆಯಲು ಮತಕ್ಕೆ ಹಾಕಿತು. ಪರ 27, ವಿರೋಧ 25. ಪರ ಮತ ಹಾಕಿದವರಲ್ಲಿ ಭಾರತವೂ ಇತ್ತು. ಇಲ್ಲಿಯ ಕಾಯ್ದೆಯಲ್ಲಿ ಗಾಂಜಾದ ಬಗ್ಗೆ ಒಂದಕ್ಷರವೂ ಬದಲಾಗಲಿಲ್ಲ.

ಬದಲಾಗುವವರೆಗೆ ನಿಮ್ಮ ಮನೆಯವರೋ ಪಕ್ಕದ ಮನೆಯವರೋ ಸಿಕ್ಕಿಬಿದ್ದರೆ ಕೆಲವು ವಿಷಯ ನೆನಪಿಡಿ. ಓದಲು ಬಾರದ ಕಾಗದಕ್ಕೆ ಸಹಿ ಹಾಕುವ ಮೊದಲು ಕನ್ನಡದಲ್ಲಿ ಕೇಳಬಹುದು. ಕೊಡದಿದ್ದರೆ ಸಹಿಯ ಪಕ್ಕದಲ್ಲೇ 'ನನಗೆ ಮಲಯಾಳ ಓದಲು ಬರುವುದಿಲ್ಲ' ಅಂತ ಕನ್ನಡದಲ್ಲಿ ಬರೆಯಿರಿ. ಎಕ್ಸೈಸ್ ಅಧಿಕಾರಿಯ ಎದುರು ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ತೋಫಾನ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ವಕೀಲರಿಗೆ ಹಣ ಇಲ್ಲದಿದ್ದರೆ ಉಚಿತ ಕಾನೂನು ನೆರವಿನ ಸಂಖ್ಯೆ 15100, ಚಟ ಬಿಡಿಸುವ ಸಹಾಯಕ್ಕೆ 14446. ಸೇವನೆಯ ಕೇಸಾದರೆ ದಂಡ ಕಟ್ಟುವ ಮೊದಲು 64ಎ ಬಗ್ಗೆ ವಕೀಲರನ್ನು ಕೇಳಿ. ದೊಡ್ಡ ಪ್ರಮಾಣದ ಕೇಸಾದರೆ ಬಂಧನದ ದಿನದಿಂದ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬನ್ನಿ. 180 ದಿನ ಕಳೆದರೂ ಚಾರ್ಜ್‌ಶೀಟ್ ಬಾರದಿದ್ದರೆ, ಅವಧಿಯನ್ನು ಕೋರ್ಟು ವಿಸ್ತರಿಸದೆ ಇದ್ದರೆ, ಜಾಮೀನು ಹಕ್ಕಾಗಿ ಸಿಗುತ್ತದೆ. ಅರ್ಜಿ ಮಾತ್ರ ಚಾರ್ಜ್‌ಶೀಟ್ ಕೋರ್ಟಿಗೆ ಬರುವ ಮೊದಲೇ ಹೋಗಬೇಕು. ಒಂದು ದಿನ ತಡವಾದರೂ ಆ ಹಕ್ಕು ಹೋಗಿಬಿಡಬಹುದು.